ಆಮೆಮರಿಯ ಆರೈಕೆ: ನಾವು ಬರೆಯಲೊಪ್ಪದ ಲೇಖನ

ಸಂಘದ ಸಭೆ ಮುಗಿದು ಎಲ್ಲರೂ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. "ನೀವು ಬಿ.ಎಸ್ಸಿ. ಓದಿದವರು, ಅದರಲ್ಲೂ ಪ್ರಾಣಿಶಾಸ್ತ್ರ. ನಮ್ಮ ಮಗಳ ಮನೆಯಲ್ಲಿ ಒಂದು ಆಮೆಮರಿ ಇದೆ. ಬೆನ್ನ ಮೇಲೆಲ್ಲ ನಕ್ಷತ್ರ ಬರೆದ ಹಾಗೆ ಗೆರೆಗಳು, ನೋಡಲು ಬಲು ಚೆಂದ. ಹತ್ತು ದಿನದಿಂದ ಕಣ್ಣು ಬಿಡುತ್ತಿಲ್ಲ, ಏನನ್ನೂ ಮುಟ್ಟುತ್ತಿಲ್ಲ. ಇಂಥ ಮರಿಗಳಿಗೆ ಕಾಯಿಲೆಯಾದರೆ ಏನು ಮಾಡಬೇಕೆಂದು ನಮ್ಮ ಪತ್ರಿಕೆಗೆ ಒಂದು ಲೇಖನ ಬರೆದುಕೊಡಿ, ನಾಲ್ಕು ಜನಕ್ಕೆ ಉಪಯೋಗವಾಗಲಿ" ಎಂದರು. ನಾಲ್ಕು ಜನ ಎಂಬುದು ಮಾತಿನ ರೂಢಿ ಎಂದು ನಾವು ತಿಳಿದೆವು. ಆದರೆ ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಇನ್ನಿಬ್ಬರು ತಮ್ಮ ಮನೆಯಲ್ಲೂ ಒಂದೊಂದು ಇದೆಯೆಂದೂ, ಅದರಲ್ಲಿ ಒಂದರ ಚಿಪ್ಪು ಮೆತ್ತಗಾಗಿದೆಯೆಂದೂ ತಗ್ಗಿದ ದನಿಯಲ್ಲಿ ಹೇಳಿದರು. ನಮ್ಮ ತಕರಾರು ಇರುವುದು ಆ ತಗ್ಗಿದ ದನಿಯ ಮೇಲೆಯೇ.

ಹಿರಿಯರು ಕೇಳಿದ ಲೇಖನವನ್ನು ನಾವು ಬರೆಯುವುದಿಲ್ಲ. ಬರೆಯಲು ಬಾರದೆ ಅಲ್ಲ; ಆ ಲೇಖನದಲ್ಲಿ ಇರಬೇಕಾದ ಸಂಗತಿಗಳೆಲ್ಲ ನಮಗೆ ಈಗ ಗೊತ್ತಿವೆ, ಬೇಕಾದದ್ದಕ್ಕಿಂತ ಹೆಚ್ಚೇ ಗೊತ್ತಿವೆ. ಅವು ಹೇಗೆ ಗೊತ್ತಾದವು ಎಂಬುದನ್ನು ಹೇಳಿದರೆ, ಯಾಕೆ ಬರೆಯುವುದಿಲ್ಲ ಎಂಬುದೂ ಓದುಗರಿಗೆ ತಿಳಿದೀತು.

ನಾವಿರುವುದು ಕೇಂದ್ರ ಸರ್ಕಾರದ ನೌಕರರ ವಸತಿಗೃಹಗಳಲ್ಲಿ. ಇಲ್ಲಿ ಎಲ್ಲರಿಗೂ ಎಲ್ಲರ ಓದು ಗೊತ್ತು. ಬಿ.ಕಾಂ. ಆದವರ ಬಳಿಗೆ ಆದಾಯ ತೆರಿಗೆಯ ಫಾರಂ ಬರುತ್ತದೆ. ನಮ್ಮಂಥ ಬಿ.ಎಸ್ಸಿ.ಗಳ ಬಳಿಗೆ ಮಕ್ಕಳ ಗಣಿತ, ಗಿಣಿಯ ಭೇದಿ, ತುಳಸಿಗಿಡದ ಹುಳ ಎಲ್ಲವೂ ಬರುತ್ತವೆ. 2024ರ ಮೇ ತಿಂಗಳ ರಜೆಯಲ್ಲಿ ಪಕ್ಕದ ಬಿಲ್ಡಿಂಗಿನ ಕನ್ನಡ ಕುಟುಂಬವೊಂದಕ್ಕೆ ಕೋಲಾರದ ಕಡೆಯಿಂದ ಮಗುವಿನ ಸೋದರಮಾವ ಬಂದ. ಒಂದು ಬುಟ್ಟಿ ಮಾವಿನಹಣ್ಣಿನ ಜೊತೆಗೆ, ಊಟದ ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಮೇಲೆ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಒಂದು ಹಗಲು ಪ್ರಯಾಣ ಮಾಡಿ ಒಂದು ನಕ್ಷತ್ರ ಆಮೆಯ ಮರಿಯೂ ಬಂತು. ಹೊಲದ ಬೇಲಿಯ ಬುಡದಲ್ಲಿ ಸಿಕ್ಕಿತಂತೆ. ಒಂಬತ್ತು ವರ್ಷದ ಹುಡುಗ, ಒಬ್ಬನೇ ಮಗ. ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅವನು ಅದಕ್ಕೆ ಗುಂಡ ಎಂದು ಹೆಸರಿಟ್ಟ. ನಾವು ಇದನ್ನೆಲ್ಲ ಕೇಳಿದ್ದು ಜೂನ್ ತಿಂಗಳ ಕೊನೆಯ ವಾರ, ರಾತ್ರಿ ಒಂಬತ್ತೂವರೆಯ ಮೇಲೆ ತಂದೆ ಮಗ ಇಬ್ಬರೂ ನಮ್ಮ ಬಾಗಿಲು ತಟ್ಟಿದಾಗ. ಡಬ್ಬಿಯ ಮೇಲೆ ಟವಲು ಮುಚ್ಚಿತ್ತು.

"ಏನಾದರೂ ಮಾಡಿ ಸಾರ್, ಹುಡುಗ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ" ಎಂದರು ತಂದೆ. ಹುಡುಗ ಏನೂ ಹೇಳಲಿಲ್ಲ. ಟವಲು ತೆಗೆದ, ಅಷ್ಟೆ.

ಮರಿ ಬೆಂಕಿಪೆಟ್ಟಿಗೆಯಷ್ಟು ಉದ್ದವಿತ್ತು. ಎರಡು ಕಣ್ಣೂ ಊದಿ ಅಂಟಿಕೊಂಡಿದ್ದವು. ಮೂಗಿನ ತುದಿಯಲ್ಲಿ ಉಸಿರಿನ ಜೊತೆಗೆ ಗುಳ್ಳೆ ಬರುತ್ತಿತ್ತು. ಹಿಂಗಾಲುಗಳನ್ನು ಎತ್ತಿಡಲಾರದೆ ಎಳೆಯುತ್ತಿತ್ತು. ಬೆನ್ನ ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿದರೆ ಹಳೆಯ ಪ್ಲಾಸ್ಟಿಕ್ ಮುಚ್ಚಳದ ಹಾಗೆ ಒಳಕ್ಕೆ ಬಗ್ಗುತ್ತಿತ್ತು. ನಮ್ಮ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದರೆ 34 ಗ್ರಾಂ. ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದೆವು. ಟಿ.ವಿ. ಪಕ್ಕದ ಗಾಜಿನ ಮೀನಿನ ತೊಟ್ಟಿಯಲ್ಲಿ, ಅರ್ಧ ಬೆರಳು ನೀರು ಹಾಕಿ. ಏನು ಕೊಡುತ್ತೀರಿ? ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಮೊಸರನ್ನ, ಸೌತೆಕಾಯಿ, ಟೊಮೇಟೊ. ರಾತ್ರಿ ಹಾಲಿನಲ್ಲಿ ಎ.ಸಿ. ಹಾಕುತ್ತೀರಾ? ಹಾಕುತ್ತೇವೆ. (ಈ ಎರಡನೆಯ ಹಾಲು ಮನೆಯ ಹಾಲು, ಮುಂಬಯಿ ಕನ್ನಡದ ತೊಡಕು.)

ಇಷ್ಟನ್ನೂ ಪ್ರೀತಿಯಿಂದಲೇ ಮಾಡಿದ್ದರು. ಅದರಲ್ಲಿ ಅನುಮಾನವಿಲ್ಲ. ಆದರೆ ಒಂದೊಂದೂ ಆ ಪ್ರಾಣಿಗೆ ವಿರುದ್ಧ. ನಕ್ಷತ್ರ ಆಮೆ ನೀರಿನ ಪ್ರಾಣಿಯೇ ಅಲ್ಲ. ಕೋಲಾರ, ರಾಯಲಸೀಮೆ, ತಮಿಳುನಾಡಿನ ಒಣಬಯಲು, ಅತ್ತ ಗುಜರಾತು ರಾಜಸ್ಥಾನಗಳ ಕುರುಚಲು ಕಾಡು ಅದರ ಊರು. ಹುಲ್ಲು, ಕಳ್ಳಿ, ಉದುರಿದ ಹೂವು ಹಣ್ಣು ಅದರ ಊಟ. ಹಾಲನ್ನು ಅರಗಿಸಿಕೊಳ್ಳುವ ಹೊಟ್ಟೆ ಅದಕ್ಕಿಲ್ಲ. ಮೈಯ ಬಿಸಿ ಹೊರಗಿನಿಂದ ಬರಬೇಕು. ಬಿಸಿಯಿಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ, ರೋಗಕ್ಕೆ ಎದುರು ನಿಲ್ಲುವ ಶಕ್ತಿಯೂ ಇಳಿಯುತ್ತದೆ. ನಮಗಿರುವಂಥ ವಪೆಯ ಸ್ನಾಯು ಅದಕ್ಕಿಲ್ಲದ ಕಾರಣ ಸರಿಯಾಗಿ ಕೆಮ್ಮಲಾರದು; ಎದೆಯಲ್ಲಿ ಕಟ್ಟಿದ ಕಫ ಅಲ್ಲೇ ಉಳಿಯುತ್ತದೆ. ಮನುಷ್ಯನ ಮಗು ಕೆಮ್ಮಿ ಮನೆಯನ್ನೆಲ್ಲ ಎಬ್ಬಿಸುತ್ತದೆ. ಇದು ಸದ್ದಿಲ್ಲದೆ ಮೂಗಿನಲ್ಲಿ ಗುಳ್ಳೆ ಬಿಡುತ್ತದೆ, ಮನೆಯವರು ಆಟವಾಡುತ್ತಿದೆ ಎಂದುಕೊಳ್ಳುತ್ತಾರೆ.

ಚಿಪ್ಪಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಮೆಯ ಚಿಪ್ಪು ಬಸವನಹುಳುವಿನ ಚಿಪ್ಪಿನಂತೆ ಹೊರಗಿನ ಮನೆಯಲ್ಲ. ಅದು ಮೂಳೆ, ಬೆನ್ನೆಲುಬೂ ಪಕ್ಕೆಲುಬುಗಳೂ ಅದರೊಳಗೆ ಬೆಸೆದುಕೊಂಡಿವೆ. ಬೆಳೆಯುವ ಮರಿಗೆ ಆ ಮೂಳೆ ಗಟ್ಟಿಯಾಗಲು ಸುಣ್ಣದ ಅಂಶ ಬೇಕು, ಆ ಸುಣ್ಣ ಮೈಗೆ ಹತ್ತಲು ಡಿ ಜೀವಸತ್ವ ಬೇಕು, ಅದು ಚರ್ಮದಲ್ಲಿ ಹುಟ್ಟಲು ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಆ ಕಿರಣವನ್ನು ಬಿಡುವುದಿಲ್ಲ. ಗಾಜಿನ ಹಿಂದೆ ಇಡೀ ದಿನ ಬಿಸಿಲು ಕಾಯಿಸಿದರೂ ಚಿಪ್ಪು ಮೆತ್ತಗಾಗುವುದು ಇದರಿಂದ. ಮೂಳೆಗೆ ಸಾಲದೆ ಬಂದ ಸುಣ್ಣವನ್ನು ಮೈ ರಕ್ತಕ್ಕಾಗಿ ಮೂಳೆಯಿಂದಲೇ ಕೀಳುತ್ತದೆ. ಕೊನೆಗೆ ಕಾಲು ಸೋಲುತ್ತದೆ.

ಇದೆಲ್ಲ ನಮಗೆ ಅಂದು ರಾತ್ರಿ ಗೊತ್ತಿರಲಿಲ್ಲ. ನಾವು ಬಿ.ಎಸ್ಸಿ.ಯಲ್ಲಿ ಕಪ್ಪೆಯನ್ನು ಕೊಯ್ದು ನೋಡಿದ್ದೇ ಹೊರತು ಉಳಿಸಿ ನೋಡಿದ್ದಿಲ್ಲ. ಆದರೆ ಹುಡುಗನ ಮುಂದೆ ಹಾಗೆನ್ನಲು ಮನಸ್ಸಾಗಲಿಲ್ಲ. "ನಾಳೆಯಿಂದ ನೋಡೋಣ" ಎಂದು ಹೇಳಿ ಕಳುಹಿಸಿ, ರಾತ್ರಿ ಎರಡರವರೆಗೆ ಕುಳಿತು ಓದಿದೆವು. ಮರುದಿನದಿಂದ ಚಿಕಿತ್ಸೆ ಶುರು. ಗಾಜಿನ ತೊಟ್ಟಿ ಹೋಗಿ ರಟ್ಟಿನ ಪೆಟ್ಟಿಗೆ ಬಂತು, ಕೆಳಗೆ ಒಣಹುಲ್ಲು, ಮೇಲೆ ಬಿಸಿಗೆ ಒಂದು ಹಳೆಯ ಕಾಲದ ಅರವತ್ತು ವ್ಯಾಟಿನ ದೀಪ. ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ, ಗದ್ದದಷ್ಟು ಆಳಕ್ಕೆ, ಇಪ್ಪತ್ತು ನಿಮಿಷ. ಆಮೆ ನೀರು ಕುಡಿಯುವುದು, ಮೈ ಹಗುರ ಮಾಡಿಕೊಳ್ಳುವುದು ಎರಡೂ ಆಗ. ಬಾಯಿಗೆ ಗರಿಕೆ, ದಾಸವಾಳದ ಎಲೆ ಮತ್ತು ಹೂವು. ಗಣಪತಿಗೆ ತಂದದ್ದರಲ್ಲಿ ಇವನಿಗೂ ಪಾಲು. ಪಾಲಕ್ ಸೊಪ್ಪು ಬೇಡ, ಅದರಲ್ಲಿನ ಆಕ್ಸಲೇಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಕ್ಕಿಗಳ ಪಂಜರಕ್ಕೆ ಸಿಕ್ಕಿಸುವ ಸಮುದ್ರಫೇನ ತಂದು ಅರೆದು ಎಲೆಯ ಮೇಲೆ ಉದುರಿಸಿದೆವು. ಬಿಸಿಲು ಕಂಡ ದಿನ ಹುಡುಗ ಪೆಟ್ಟಿಗೆ ಎತ್ತಿಕೊಂಡು ಮಹಡಿಗೆ ಓಡುತ್ತಿದ್ದ, ಅರ್ಧ ಪೆಟ್ಟಿಗೆಗೆ ನೆರಳು ಮಾಡಿ ಕಾಯುತ್ತಿದ್ದ.

ಆರನೆಯ ದಿನ ಒಂದು ಕಣ್ಣು ಬಿಟ್ಟಿತು. ಹುಡುಗ ನಮ್ಮ ಮನೆಗೆ ಓಡಿಬಂದು "ಅಂಕಲ್, ನನ್ನನ್ನ ನೋಡ್ತು" ಎಂದ. ಎಂಟನೆಯ ದಿನ ದಾಸವಾಳದ ದಳವೊಂದನ್ನು ಕಚ್ಚಿ ಹರಿಯಿತು. ತೂಕ 36 ಗ್ರಾಂ ಆಯಿತು. ನಾವು ಹಿಗ್ಗಿದೆವು. ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಸರಿಸಿದ ಕೈಯಿಂದ ಒಂದು ಜೀವ ಉಳಿಯಿತಲ್ಲ ಎಂಬ ಹೆಮ್ಮೆ. ಓದುಗರು ಗಮನಿಸಬೇಕು: ಆ ಹೆಮ್ಮೆಯ ಹೊತ್ತಿನಲ್ಲೇ ನಾವು ಮಾಡಬೇಕಾಗಿದ್ದ ಕೆಲಸ ಕೈತಪ್ಪಿತು.

ಮಾಡಬೇಕಾಗಿದ್ದದ್ದು ಏನೆಂದು ನಮಗೆ ಮೊದಲ ರಾತ್ರಿಯೇ ಗೊತ್ತಿತ್ತು. ಮದ್ದು ಹುಡುಕಿ ಓದಿದ ಪುಟಗಳಲ್ಲೇ ಕಾನೂನೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ನಕ್ಷತ್ರ ಆಮೆ ಹಿಂದೆ ನಾಲ್ಕನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗಿನಿಂದ ಹುಲಿ ಆನೆಗಳ ಜೊತೆಗೆ ಮೊದಲನೆಯ ಅನುಸೂಚಿಯಲ್ಲಿದೆ. ಮನೆಯಲ್ಲಿಟ್ಟರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಸೆರೆ, ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಇದು ಗೊತ್ತಿದ್ದೂ ಸುಮ್ಮನಿದ್ದೆವು. ಹುಡುಗನ ತಂದೆಗೂ ನಾವೇ ಹೇಳಿದೆವು, ಆದರೆ ಹೇಗೆ ಹೇಳಿದೆವು? "ಸ್ವಲ್ಪ ಜೋಪಾನ, ಯಾರಿಗೂ ಹೇಳಬೇಡಿ" ಎಂದು. ನಾವೂ ಸರ್ಕಾರಿ ನೌಕರರು, ಅವರೂ ಸರ್ಕಾರಿ ನೌಕರರು. ದಸ್ತಗಿರಿಯಾಗಿ 48 ಗಂಟೆ ಮೀರಿ ಬಂಧನದಲ್ಲಿದ್ದ ನೌಕರ ತಾನಾಗಿಯೇ ಅಮಾನತ್ತಾದಂತೆ ಎಂಬ 1965ರ ಸಿ.ಸಿ.ಎಸ್. ನಿಯಮ ನಮ್ಮ ಕಚೇರಿಗಳಲ್ಲಿ ಗುಮಾಸ್ತರಿಗೆ ಬಾಯಿಪಾಠ. ಅದೇ ವನ್ಯಜೀವಿ ಕಾಯಿದೆಯ 39ನೆಯ ಕಲಮಿನಲ್ಲಿ ಇನ್ನೊಂದು 48 ಗಂಟೆ ಇದೆ: ಇಂಥ ಪ್ರಾಣಿ ಯಾವ ರೀತಿಯಲ್ಲೇ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸು ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು. ಎರಡು 48ರಲ್ಲಿ ನಾವು ನೆನಪಿಟ್ಟುಕೊಂಡದ್ದು ಮೊದಲನೆಯದನ್ನು ಮಾತ್ರ.

ಜುಲೈಯಲ್ಲಿ ಮಳೆ ಹಿಡಿಯಿತು. ಮುಂಬಯಿಯ ಮಳೆ ಎಂಥದೆಂದು ಇಲ್ಲಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ. ಹನ್ನೊಂದು ದಿನ ಬಿಸಿಲಿಲ್ಲ. ಮೂಗಿನ ಗುಳ್ಳೆ ಮತ್ತೆ ಬಂತು. ಈ ಸಲ ಬಾಯಿ ತೆರೆದು ಉಸಿರಾಡತೊಡಗಿತು. ಇದು ಬಿಸಿನೀರಿಗೆ ಬಗ್ಗುವ ಕಾಯಿಲೆಯಲ್ಲ, ಸರೀಸೃಪಗಳನ್ನು ಬಲ್ಲ ವೈದ್ಯರು ನೋಡಿ, ತೂಕಕ್ಕೆ ತಕ್ಕ ಔಷಧಿಯ ಸೂಜಿಮದ್ದು ಕೊಡಬೇಕು ಎಂದು ನಾವು ತಂದೆಗೆ ಹೇಳಿದೆವು. ಅಂಥ ವೈದ್ಯರು ಈ ನಗರದಲ್ಲಿ ಇದ್ದಾರೆ. ಆದರೆ ಕರೆದುಕೊಂಡು ಹೋಗುವುದು ಹೇಗೆ? ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಾಳೆ ನೋಡೋಣ, ಶನಿವಾರ ನೋಡೋಣ ಎಂದು ನಾಲ್ಕು ದಿನ ಹೋಯಿತು.

ಐದನೆಯ ದಿನ ಹಿಂಗಾಲಿನ ಮಡಿಕೆಯಲ್ಲಿ ಒಂದು ಉಣುಗು ಕಚ್ಚಿಕೊಂಡಿರುವುದನ್ನು ಹುಡುಗನ ತಾಯಿ ಕಂಡರು. ಇಷ್ಟು ದಿನದ ಕಾಯಿಲೆಗೆ ಕಾರಣ ಇದೇ ಎಂದು ಮನೆಯವರಿಗೆ ಅನ್ನಿಸಿತು. ನಾವು ಆ ಹೊತ್ತಿಗೆ ಕಚೇರಿಯಲ್ಲಿ. ತಂದೆ ನಾಯಿ ಬೆಕ್ಕುಗಳನ್ನು ನೋಡುವ ಒಂದು ದವಾಖಾನೆಗೆ ಬರಿಗೈಯಲ್ಲಿ ಹೋದರು. ಅಲ್ಲಿ ಏನೆಂದರು ಎಂದರೆ, "ಬೆಕ್ಕಿನ ಮರಿಗೆ ಉಣುಗು ಹತ್ತಿದೆ" ಎಂದರು. ಬೆಕ್ಕಿನ ಮರಿಗೆ ಕೊಡುವ ಹನಿಮದ್ದನ್ನು ಕೊಟ್ಟರು. ಮರಿ ಎಷ್ಟು ದೊಡ್ಡದು ಎಂದು ಕೇಳಿದಾಗ ಕೈಯಲ್ಲಿ ತೋರಿಸಿದರಂತೆ. ಬಹಳ ಸಣ್ಣದು, ಎರಡೇ ಹನಿ ಸಾಕು ಎಂದರಂತೆ. ಆ ಎರಡು ಹನಿಯನ್ನು ಮನೆಯವರು ಸಂಜೆ ಬಾಯಿ ಬಿಡಿಸಿ ಹಾಕಿದರು.

ಅದು ಐವರ್‌ಮೆಕ್ಟಿನ್. ಒಳ್ಳೆಯ ಮದ್ದು, ಅದರ ಮೂಲವನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂದಿದೆ. ದನಕ್ಕೆ, ಕುರಿಗೆ, ಮನುಷ್ಯರಿಗೂ ಕೊಡುತ್ತಾರೆ. ಆಮೆಯ ಜಾತಿಗೆ ಮಾತ್ರ ಅದು ವಿಷ. ಮಿದುಳಿಗೆ ಇಳಿದು ಕೈಕಾಲುಗಳನ್ನು ಸೋಲಿಸುತ್ತದೆ, ಆಮೇಲೆ ಉಸಿರನ್ನು. ಆಮೆಯನ್ನು ನೋಡಿ ಬಲ್ಲ ಯಾವ ವೈದ್ಯರೂ ಅದನ್ನು ಬರೆಯುವವರಲ್ಲ. ಆದರೆ ಅವರಿಗೆ ಆಮೆಯೆಂದು ಹೇಳಿದವರು ಯಾರು?

ಮರುದಿನ ರಾತ್ರಿ ಕತ್ತು ಹೊರಚಾಚಿ ಸತ್ತಿತು. ಸಾಮಾನ್ಯವಾಗಿ ಮುಟ್ಟಿದರೆ ಕತ್ತನ್ನು ಒಳಗೆ ಎಳೆದುಕೊಳ್ಳುವ ಪ್ರಾಣಿ. ಹುಡುಗ ಬೆರಳಿನಿಂದ ಮುಟ್ಟುತ್ತಲೇ ಇದ್ದ.

ಈಗ ಹೇಳಿ, ಯಾರ ತಪ್ಪು? ದವಾಖಾನೆಯವರದಲ್ಲ; ಅವರು ಬೆಕ್ಕಿಗೆ ಮದ್ದು ಕೊಟ್ಟರು. ತಂದೆಯದು ಎನ್ನಲು ನಮಗೆ ನಾಲಿಗೆ ಬರುವುದಿಲ್ಲ. ಯಾರಿಗೂ ಹೇಳಬೇಡಿ ಎಂದು ಆ ಮನುಷ್ಯನಿಗೆ ಕಲಿಸಿದವರು ನಾವೇ. ನಮ್ಮ ವಾದವೆಲ್ಲ ಇಷ್ಟು: ಬಚ್ಚಿಟ್ಟು ಸಾಕಿದ ಪ್ರಾಣಿಗೆ ಆರೈಕೆ ಮಾಡಲು ಸಾಧ್ಯವಿಲ್ಲ. ಪ್ರೀತಿ ಮಾಡಬಹುದು, ಬಿಸಿನೀರಿನಲ್ಲಿ ಕೂರಿಸಬಹುದು, ದಾಸವಾಳ ತಿನ್ನಿಸಬಹುದು. ಆದರೆ ಕಾಯಿಲೆ ಕೈಮೀರಿದ ದಿನ ಅದರ ಹೆಸರನ್ನು ಒಬ್ಬ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಲಾಗದಿದ್ದರೆ, ಅದುವರೆಗೆ ಮಾಡಿದ್ದು ಆರೈಕೆಯಲ್ಲ, ನಮ್ಮ ಸಮಾಧಾನ. "ಆಮೆಮರಿಯ ಆರೈಕೆ" ಎಂದು ನಾವೊಂದು ಲೇಖನ ಬರೆದರೆ ಹತ್ತು ಮನೆಗಳಲ್ಲಿ ಹತ್ತು ಮರಿಗಳು ಇನ್ನೊಂದು ತಿಂಗಳು ಹೆಚ್ಚು ಬಚ್ಚಿಟ್ಟುಕೊಂಡು ಇರುತ್ತವೆ. ಆದ್ದರಿಂದ ಬರೆಯುವುದಿಲ್ಲ.

ಉಪ್ಪಿಟ್ಟಿನ ತಟ್ಟೆ ಹಿಡಿದವರು ಇಷ್ಟಕ್ಕೆ ಬಿಡಲಿಲ್ಲ. ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಸ್ಥಿರವಾಗಿ ನಿಲ್ಲುತ್ತಾಳೆ, ವಿಷ್ಣುವಿನ ಅವತಾರವಲ್ಲವೇ ಎಂದರು ಒಬ್ಬರು. ಅವತಾರವೇ, ಸಂದೇಹವಿಲ್ಲ. ಆ ಕೂರ್ಮ ಮಂದರ ಪರ್ವತವನ್ನು ಬೆನ್ನ ಮೇಲೆ ಹೊತ್ತದ್ದು ಕ್ಷೀರಸಾಗರದಲ್ಲಿ, ಟಿ.ವಿ. ಪಕ್ಕದ ಗಾಜಿನ ತೊಟ್ಟಿಯಲ್ಲಲ್ಲ. ಹಿತ್ತಾಳೆಯ ಆಮೆ ಅಂಗಡಿಯಲ್ಲಿ ಸಿಗುತ್ತದೆ, ಹುಣಸೆಹಣ್ಣು ಹಚ್ಚಿ ತೊಳೆದರೆ ಹೊಳೆಯುತ್ತದೆ, ಅದಕ್ಕೆ ನೆಗಡಿಯಾಗುವುದಿಲ್ಲ. ಅವತಾರವನ್ನು ಊಟದ ಡಬ್ಬಿಯಲ್ಲಿ ತಂದು ಚಿಪ್ಪು ಮೆತ್ತಗಾಗುವವರೆಗೆ ಇಟ್ಟುಕೊಳ್ಳುವುದು ಯಾವ ಶಾಸ್ತ್ರದಲ್ಲಿದೆಯೋ ನಾವರಿಯೆವು.

ಇನ್ನೊಬ್ಬರ ವಾದ ಇದಕ್ಕಿಂತ ಮೆದುವಾದದ್ದು, ಆದ್ದರಿಂದ ಹೆಚ್ಚು ಅಪಾಯದ್ದು. "ನಾವೇನು ಆಸೆಪಟ್ಟು ಕೊಂಡದ್ದಲ್ಲ, ಅಂಗಡಿಯವನ ಬುಟ್ಟಿಯಲ್ಲಿ ಸಾಯುತ್ತಿತ್ತು, ಕರುಣೆಯಿಂದ ಕೊಂಡೆವು." ಕರುಣೆಯಿಂದ ಕೊಟ್ಟ ನೋಟಿಗೂ ಆಸೆಯಿಂದ ಕೊಟ್ಟ ನೋಟಿಗೂ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿ ವ್ಯತ್ಯಾಸವಿಲ್ಲ. ಬುಟ್ಟಿಯಲ್ಲಿ ಒಂದು ಜಾಗ ಖಾಲಿಯಾಯಿತು, ಅದನ್ನು ತುಂಬಲು ಇನ್ನೊಂದು ಬರುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಂಧ್ರದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೊರಡುತ್ತಿದ್ದವು ಎಂದು ಲೆಕ್ಕ ಹಾಕಿತು. ಹೊಲದಲ್ಲಿ ಕೆಲಸ ಮಾಡುವವರು ಹಿಡಿದು ಕೊಡುತ್ತಾರೆ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗಳಲ್ಲಿ ತುಂಬಿ ವಿಮಾನದಲ್ಲಿ ಹೊರದೇಶಕ್ಕೆ ಸಾಗಿಸುತ್ತಾರೆ. ದಾರಿಯಲ್ಲಿ ಸತ್ತವಕ್ಕೆ ಲೆಕ್ಕವಿಲ್ಲ. ಈ ಹಾವಳಿಗೆ ಹೆದರಿಯೇ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದಲ್ಲಿ ಈ ಆಮೆಯನ್ನು ಅತಿ ಬಿಗಿಯಾದ ಮೊದಲ ಪಟ್ಟಿಗೆ ಏರಿಸಿದರು. ಹೊರದೇಶಕ್ಕೆ ಹೋದವುಗಳಲ್ಲಿ ಹಿಂದಿರುಗಿದವು ಬೆರಳೆಣಿಕೆ: 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸು ತಂದರು. ಅಷ್ಟಕ್ಕೇ ಎರಡು ದೇಶಗಳ ಇಲಾಖೆಗಳೂ ಸಂಸ್ಥೆಗಳೂ ಸೇರಿ ದುಡಿಯಬೇಕಾಯಿತು. ಸೋದರಮಾವನೊಬ್ಬ ಅಕ್ಕನ ಮಗನಿಗೆಂದು ತಂದದ್ದನ್ನು ಕಳ್ಳಸಾಗಣೆ ಎನ್ನಲು ನಮಗೂ ಮನಸ್ಸಿಲ್ಲ. ಆದರೆ ಬೇಲಿಯ ಬುಡದಲ್ಲಿದ್ದ ಆಮೆಗೆ ಅದನ್ನು ಎತ್ತಿದ ಕೈ ಮಾವನದೋ ಕಳ್ಳನದೋ ಎಂಬ ಭೇದ ತಿಳಿಯದು.

"ಹಾಗಾದರೆ ಒಯ್ದು ಬಿಟ್ಟುಬಿಡುತ್ತೇವೆ" ಎಂದು ಕೋಪಿಸಿಕೊಂಡವರೂ ಇದ್ದಾರೆ. ಎಲ್ಲಿ ಬಿಡುತ್ತೀರಿ? ದೇವಸ್ಥಾನದ ಕೆರೆಯಲ್ಲಿ ಬಿಟ್ಟರೆ ಪುಣ್ಯ ಬರುವುದಿಲ್ಲ. ನೆಲದ ಆಮೆ ಈಜಲಾರದು, ಮುಳುಗಿ ಸಾಯುತ್ತದೆ. ಬೊರಿವಲಿಯ ಕಾಡಿನಲ್ಲಿ ಬಿಟ್ಟರೆ ಆ ಕಾಡು ಅದರ ಊರಲ್ಲ. ಊರಿಗೇ ಒಯ್ದು ಬೇಲಿಯ ಬುಡದಲ್ಲಿ ಇಟ್ಟರೂ, ನಿಮ್ಮ ಮನೆಯಲ್ಲಿ ಹಿಡಿದ ಉಸಿರಿನ ಕಾಯಿಲೆಯನ್ನು ಅಲ್ಲಿ ಆರೋಗ್ಯವಾಗಿರುವ ನಾಲ್ಕಕ್ಕೆ ಹಂಚಿಬಂದಂತಾಗುತ್ತದೆ.

ಕೆನ್ನೆಯ ಮೇಲೆ ಕೆಂಪು ಪಟ್ಟೆಯಿರುವ ಹಸಿರು ವಿದೇಶೀ ಆಮೆಮರಿಗಳನ್ನು ಕೊಳ್ಳಬಹುದಲ್ಲ ಎಂದು ಕೇಳಿದವರಿಗೆ ಸಂಕ್ಷೇಪವಾಗಿ ಹೇಳುತ್ತೇವೆ. ಅದು ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಪ್ರಾಣಿ. ಅಂಗಡಿಯಲ್ಲಿ ನಾಣ್ಯದಷ್ಟಿದ್ದದ್ದು ಕೆಲವು ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ, ಆಮೇಲೆ ಕೆರೆಗೆ ಬೀಳುತ್ತದೆ, ಅಲ್ಲಿ ನಮ್ಮ ಆಮೆಗಳ ಅನ್ನ ಕಸಿಯುತ್ತದೆ. ಸಣ್ಣ ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲ ಸೋಂಕು ತಗಲುತ್ತದೆಂದು ಅಮೆರಿಕದವರೇ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕವನ್ನು ಮಾರಬಾರದೆಂದು ನಿಷೇಧಿಸಿದರು. ನಮಗೆ ಮಾತ್ರ ಅದು ಅದೃಷ್ಟ!

ಉಳಿದದ್ದು ಹೆದರಿಕೆಯ ಮಾತು. ಒಪ್ಪಿಸಲು ಹೋದರೆ ಹಿಡಿದು ಕೂಡಿಹಾಕುವುದಿಲ್ಲವೇ ಎಂದು ಹಿರಿಯರು ಕೇಳಿದರು. ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದೇ ಹೆದರಿಕೆ ನಮ್ಮನ್ನೂ ಕಟ್ಟಿಹಾಕಿತ್ತು. ಕಾನೂನು ಕಠಿಣವಾಗಿಯೇ ಇದೆ, 48 ಗಂಟೆ ಮೀರಿದ ಮೇಲೆ ಇನ್ನೂ ಕಠಿಣ. ಏನೂ ಆಗುವುದಿಲ್ಲವೆಂದು ಇಲ್ಲಿ ಬರೆದು ಭರವಸೆ ಕೊಡುವ ಅಧಿಕಾರ ಒಬ್ಬ ಗುಮಾಸ್ತನಿಗಿಲ್ಲ. ಆದರೆ ನೀವಾಗಿಯೇ ಫೋನು ಮಾಡಿ ಕರೆದು ಕೊಟ್ಟದ್ದಕ್ಕೂ, ನೆರೆಮನೆಯವರ ದೂರಿನ ಮೇಲೆ ಅವರೇ ಬಂದು ಹುಡುಕಿ ತೆಗೆದದ್ದಕ್ಕೂ ಎಷ್ಟು ಅಂತರವಿದೆಯೆಂದು ಕಚೇರಿಯಲ್ಲಿ ಒಂದು ವಿವರಣೆ ಬರೆದುಕೊಟ್ಟ ಅನುಭವವಿರುವ ಯಾರೂ ಬಲ್ಲರು. ತಡವಾದ ಪ್ರತಿಯೊಂದು ದಿನವೂ ಆ ಅಂತರವನ್ನು ಕಡಿಮೆ ಮಾಡುತ್ತದೆ, ಮರಿಯ ಉಸಿರನ್ನೂ ಕಡಿಮೆ ಮಾಡುತ್ತದೆ. ವಕೀಲರನ್ನು ಕೇಳಬೇಕೆನ್ನುವವರು ಕೇಳಲಿ, ಇಂದೇ ಕೇಳಲಿ. ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೇರೆ ರಾಜ್ಯಗಳ ಓದುಗರು ತಮ್ಮಲ್ಲಿನ ಅರಣ್ಯ ಇಲಾಖೆಯನ್ನು ಕೇಳಬೇಕು.

ನಮ್ಮ ಪಕ್ಕದ ಬಿಲ್ಡಿಂಗಿನ ಕಥೆ ಅಲ್ಲಿಗೇ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲವೇನೋ. 2025ರ ಮೇ ತಿಂಗಳಲ್ಲಿ ಸೋದರಮಾವ ಮತ್ತೆ ಬಂದ. ಹುಡುಗ ಅಳುತ್ತಿದ್ದ ಸುದ್ದಿ ಊರಿಗೂ ಮುಟ್ಟಿತ್ತು. ಡಬ್ಬಿ ಈ ಸಲ ಸ್ವಲ್ಪ ದೊಡ್ಡದು. ರಾತ್ರಿ ತಂದೆ ನಮ್ಮ ಬಾಗಿಲಿಗೆ ಬಂದು, "ಇದು ಗಟ್ಟಿ ಮರಿ ಸಾರ್, ಮೊದಲಿಂದಲೇ ನೀವು ಹೇಳಿದ ಹಾಗೆ ಇಡುತ್ತೇವೆ, ಗರಿಕೆ, ಬಿಸಿಲು, ಎಲ್ಲಾ" ಎಂದರು. ನಮ್ಮ ಮನೆಯವರು ಒಳಗಿನಿಂದ ಎಲ್ಲವನ್ನೂ ಕೇಳುತ್ತಿದ್ದರು. ಹೊರಗೆ ಬಂದು ಒಂದೇ ಮಾತು ಹೇಳಿದರು: "ಅಣ್ಣ, ಅದಕ್ಕೆ ಜ್ವರ ಬಂದರೆ ಈ ಸಲ ಯಾವ ಪ್ರಾಣಿ ಅಂತ ಹೇಳುತ್ತೀರಿ?" ಆ ಮನುಷ್ಯ ನಿಂತಲ್ಲೇ ನಿಂತರು. ನಾವೂ ನಿಂತಿದ್ದೆವು. ಮರುದಿನ ಬೆಳಿಗ್ಗೆ, 48 ಗಂಟೆ ಮುಗಿಯುವ ಮೊದಲೇ, ಅವರೇ ಫೋನು ಮಾಡಿದರು. ಸಂಜೆ ಇಬ್ಬರು ಬಂದು ಮರಿಯನ್ನು ಒಯ್ದರು, ಹೇಳಿಕೆ ಬರೆಸಿಕೊಂಡರು. ಎಲ್ಲಿ ಸಿಕ್ಕಿತೆಂದು ಕೇಳಿದಾಗ ಸೋದರಮಾವನ ಮುಖ ಬಿಳಿಚಿತು. ಎರಡು ಸಲ ಕಚೇರಿಗೂ ಹೋಗಿಬರಬೇಕಾಯಿತು. ಹುಡುಗ ನಮ್ಮೊಡನೆ ಒಂದು ತಿಂಗಳು ಮಾತು ಬಿಟ್ಟಿದ್ದ.

ಈಗ ಹಿರಿಯರ ಮಗಳ ಮನೆಯ ಮರಿ ಉಳಿದಿದೆ. ಇಲಾಖೆಯವರು ಬಂದು ಒಯ್ಯುವವರೆಗಿನ ಕೆಲವು ಗಂಟೆಗಳ ಮಟ್ಟಿಗೆ, ಅಷ್ಟಕ್ಕೆ ಮಾತ್ರ, ಅವರಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇವೆ. ನೀರಿನ ತೊಟ್ಟಿಯಿಂದ ತೆಗೆದು ಒಣಗಿದ ರಟ್ಟಿನ ಪೆಟ್ಟಿಗೆಯಲ್ಲಿ, ಗಾಳಿಯಾಡುವಂತೆ, ಬೆಚ್ಚಗೆ ಇಡಿ. ಎ.ಸಿ. ಆರಿಸಿ. ಬಾಯಿಗೆ ಏನನ್ನೂ ಬಲವಂತವಾಗಿ ಹಾಕಬೇಡಿ, ಯಾವ ಮದ್ದನ್ನೂ ಹಾಕಬೇಡಿ. ಅಂಟಿದ ಕಣ್ಣನ್ನು ಬಿಡಿಸಬೇಡಿ. ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ. ಎಷ್ಟು ದಿನದಿಂದ ಇತ್ತು, ಏನು ತಿಂದಿತು, ಏನು ಮದ್ದು ಹಾಕಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ನಿಜ ಬರೆದು ಪೆಟ್ಟಿಗೆಯ ಜೊತೆಗೆ ಕೊಡಿ. ಅಲ್ಲಿ ನೋಡುವ ವೈದ್ಯರಿಗೆ ಅದರಿಂದ ಬಹಳ ಉಪಕಾರ.

ಹಿರಿಯರು ಸಂಖ್ಯೆಯನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಮಗಳೊಡನೆ ಮಾತಾಡುತ್ತೇನೆ ಎಂದರು. ಬರುವ ಎರಡನೆಯ ಭಾನುವಾರ ಕಾರ್ಯಕಾರಿ ಸಮಿತಿಯ ಸಭೆ ಇದೆ, ಅವರೂ ಬರುತ್ತಾರೆ. ಉಪ್ಪಿಟ್ಟು ಬರುವ ಮೊದಲೇ ಕೇಳಲಿದ್ದೇವೆ.